'ಬೇಡ' ಎನ್ನಬೇಕಾದರೆ ಕಾಲಡಿ ನೆಲ ಬೇಕು

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸ್ವಸಹಾಯ ಗುಂಪುಗಳ ಸದಸ್ಯೆಯರು ಒಟ್ಟಾಗಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ ಮತ್ತು ಕೌಟುಂಬಿಕ ದೌರ್ಜನ್ಯದ ಬಗ್ಗೆ ಮಾತಾಡಲು ಸೇರಿರುವ ಸಭೆಯಲ್ಲಿ ಇನ್ನೂರು ವರ್ಷ ಹಿಂದಿನ ಇಂಗ್ಲಿಷ್ ಕಾದಂಬರಿಗೇನು ಕೆಲಸ ಎಂದು ಇವತ್ತು ಹೊಸದಾಗಿ ಬಂದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಳಬರಿಗೆ ಉತ್ತರ ಗೊತ್ತು. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಕೂತು, ಮೂರೂ ತಾಲ್ಲೂಕಿನ ಗುಂಪುಗಳಲ್ಲಿ ನಾನು ಈ ಕಾದಂಬರಿಯ ಕಥೆಯನ್ನು ಕಂತುಕಂತಾಗಿ ಹೇಳಿದೆ. ನೀವು ಕೇಳಿದಿರಿ, ನಕ್ಕಿರಿ, ಜಗಳವನ್ನೂ ಆಡಿದಿರಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಬಿ.ಎ. ತರಗತಿಗಳಲ್ಲಿ ಇದೇ ಪುಸ್ತಕದ ಪಾಠ ಮಾಡಿದವಳು. ಅಲ್ಲಿ ನಾವು ವ್ಯಂಗ್ಯ, ಪಾತ್ರಚಿತ್ರಣ, ಕಥಾಸಂವಿಧಾನ ಎಂದೆಲ್ಲ ಟಿಪ್ಪಣಿ ಬರೆಸುತ್ತಿದ್ದೆವು. ನೀವು ಕೇಳಿದ್ದೇ ಬೇರೆ. ಜಮೀನು ಯಾರ ಹೆಸರಿನಲ್ಲಿದೆ? ಆ ಹುಡುಗಿಗೆ ವಯಸ್ಸೆಷ್ಟು? ದುಡ್ಡು ಯಾರ ಕೈಗೆ ಹೋಯಿತು? ಈ ಮೂರು ಪ್ರಶ್ನೆಗಳಿಂದ ಕಾದಂಬರಿಯ ಬಾಗಿಲು ಹೇಗೆ ತೆರೆಯಿತು ಎಂಬುದನ್ನು ಇವತ್ತು ಒಟ್ಟಿಗೆ ಇಡುತ್ತೇನೆ.

ಪುಸ್ತಕದ ಹೆಸರು 'ಪ್ರೈಡ್ ಅಂಡ್ ಪ್ರೆಜುಡಿಸ್'. ಗರ್ವ ಮತ್ತು ಪೂರ್ವಗ್ರಹ ಎಂದು ಅರ್ಥ. ಬರೆದಾಕೆ ಜೇನ್ ಆಸ್ಟೆನ್. 1775ರಲ್ಲಿ ಹುಟ್ಟಿದವಳು, ಹಳ್ಳಿಯ ಪಾದ್ರಿಯ ಮಗಳು, ಮದುವೆಯಾಗಲಿಲ್ಲ, 1817ರಲ್ಲಿ 41ನೇ ವಯಸ್ಸಿನಲ್ಲಿ ತೀರಿಕೊಂಡಳು. ಈ ಕಾದಂಬರಿ 1813ರ ಜನವರಿಯಲ್ಲಿ ಅಚ್ಚಾಯಿತು. ಲೇಖಕಿಯ ಹೆಸರು ಪುಸ್ತಕದ ಮೇಲೆ ಇರಲಿಲ್ಲ.

ಕಥೆ ಸರಳ. ಲಾಂಗ್‌ಬೋರ್ನ್ ಎಂಬ ಹಳ್ಳಿಯಲ್ಲಿ ಬೆನೆಟ್ ಎಂಬ ಜಮೀನ್ದಾರ. ಐದು ಹೆಣ್ಣುಮಕ್ಕಳು: ಜೇನ್, ಎಲಿಜಬೆತ್, ಮೇರಿ, ಕಿಟ್ಟಿ, ಲಿಡಿಯಾ. ಗಂಡುಮಕ್ಕಳಿಲ್ಲ. ಆ ಜಮೀನಿನ ಮೇಲೆ ಹಿಂದಿನವರು ಮಾಡಿಟ್ಟ ಒಂದು ಕಟ್ಟು ಇದೆ: ಅದು ಗಂಡು ವಾರಸುದಾರನಿಗೆ ಮಾತ್ರ ಸಲ್ಲಬೇಕು. ಆದ್ದರಿಂದ ಬೆನೆಟ್ ಸತ್ತ ದಿನ ಮನೆ, ಹೊಲ, ಮಂಚ, ಮೇಜು ಎಲ್ಲ ಕಾಲಿನ್ಸ್ ಎಂಬ ದೂರದ ದಾಯಾದಿಯ ಪಾಲು. ಹೆಂಡತಿ, ಐದು ಹೆಣ್ಣುಮಕ್ಕಳು ಬೀದಿಗೆ.

ಮಂಡ್ಯದ ಗುಂಪಿನಲ್ಲಿ ಇದನ್ನು ಹೇಳಿ ಮುಗಿಸುವುದರೊಳಗೆ ಒಬ್ಬಾಕೆ ಕೇಳಿದಳು, "ಐದು ಹೆಣ್ಣಾದ ಮೇಲೂ ಗಂಡು ಆಯ್ತದೆ ಅಂತ ಕಾಯ್ಕಂಡ್ ಕೂತಿದ್ರಾ ಅವ್ರು?" ಹೌದು, ಕೂತಿದ್ದರು. ಕಾದಂಬರಿಯ ಐವತ್ತನೇ ಅಧ್ಯಾಯದಲ್ಲಿ ಅದು ಸ್ಪಷ್ಟವಾಗಿ ಬರುತ್ತದೆ. ಬೆನೆಟ್ ಮದುವೆಯಾದಾಗ ಉಳಿತಾಯದ ಅಗತ್ಯವೇ ಇಲ್ಲ ಎಂದುಕೊಂಡ. ಒಬ್ಬ ಮಗ ಹುಟ್ಟುತ್ತಾನೆ, ಅವನು ಪ್ರಾಯಕ್ಕೆ ಬಂದಾಗ ಅಪ್ಪ ಮಗ ಸೇರಿ ಆ ಕಟ್ಟನ್ನು ಮುರಿಯಬಹುದು, ಹೆಂಡತಿ ಮಕ್ಕಳಿಗೆ ವ್ಯವಸ್ಥೆ ಮಾಡಬಹುದು ಎಂಬುದು ಅವನ ಲೆಕ್ಕ. ಒಂದಾದ ಮೇಲೆ ಒಂದು ಹೆಣ್ಣಾಯಿತು. ಲಿಡಿಯಾ ಹುಟ್ಟಿ ಎಷ್ಟೋ ವರ್ಷವಾದರೂ ತಾಯಿ ಮಗನ ಆಸೆ ಬಿಟ್ಟಿರಲಿಲ್ಲ. ಆಸೆ ಬಿಡುವ ಹೊತ್ತಿಗೆ ಉಳಿಸಲು ತಡವಾಗಿತ್ತು. ವರ್ಷಕ್ಕೆ ಎರಡು ಸಾವಿರ ಪೌಂಡ್ ಬರುತ್ತಿತ್ತು, ಅಷ್ಟೂ ಖರ್ಚಾಗುತ್ತಿತ್ತು.

ಈ ಲೆಕ್ಕವನ್ನು ನಮ್ಮ ಗುಂಪಿನ ಪುಸ್ತಕದಲ್ಲಿ ಬರೆಯುವ ಹಾಗೆ ಬರೆದು ನೋಡೋಣ. ಅಪ್ಪ ಇರುವತನಕ ವರ್ಷಕ್ಕೆ 2000 ಪೌಂಡ್, ಉಣ್ಣುವವರು ಏಳು ಜನ. ಅಪ್ಪ ಸತ್ತರೆ ತಾಯಿ ಮಕ್ಕಳಿಗೆ ಉಳಿಯುವುದು 5000 ಪೌಂಡಿನ ಇಡುಗಂಟು. ನೂರಕ್ಕೆ ನಾಲ್ಕರ ಬಡ್ಡಿಯಂತೆ ವರ್ಷಕ್ಕೆ 200 ಪೌಂಡ್, ಆರು ಹೆಂಗಸರಿಗೆ. ಹತ್ತರಲ್ಲಿ ಒಂದು ಪಾಲು, ಅದೂ ಮನೆ ಬಿಟ್ಟುಕೊಟ್ಟ ಮೇಲೆ. ತಾಯಿ ಸತ್ತ ಮೇಲೆ ಒಬ್ಬೊಬ್ಬಳಿಗೆ 1000 ಪೌಂಡ್. ಬಡ್ಡಿ ವರ್ಷಕ್ಕೆ 40. ಈ ಅಂಕಿಗಳನ್ನು ತಲೆಯಲ್ಲಿ ಇಟ್ಟುಕೊಂಡು ಓದಿದರೆ ಅಲ್ಲಿನ ನೃತ್ಯ, ಚಹಾಕೂಟ, ಹೊಸ ಟೋಪಿ ಎಲ್ಲದರ ಅರ್ಥವೂ ಬದಲಾಗುತ್ತದೆ. ಆ ಹುಡುಗಿಯರು ಆಡುತ್ತಿಲ್ಲ, ಸೂರು ಹುಡುಕುತ್ತಿದ್ದಾರೆ.

ಕಾಲೇಜಿನಲ್ಲಿ ಎಲ್ಲರೂ ನಗುತ್ತಿದ್ದುದು ತಾಯಿ ಬೆನೆಟಮ್ಮನನ್ನು ನೋಡಿ. ಬಾಯಿಬಡುಕಿ, ಹೋದಲ್ಲೆಲ್ಲ ಗಂಡು ಹುಡುಕುವವಳು, ಮಾತೆತ್ತಿದರೆ ನರ ಸೆಳೆಯುತ್ತದೆ ಎನ್ನುವವಳು. ಲೇಖಕಿಯೂ ನಗಿಸುತ್ತಾಳೆ. ಆದರೆ ಆ ಮನೆಯಲ್ಲಿ ನಾಳಿನ ಚಿಂತೆಯನ್ನು ಬಾಯಿಬಿಟ್ಟು ಹೇಳುವವಳು ಅವಳೊಬ್ಬಳೇ ಎಂಬುದನ್ನು ಗಮನಿಸಿ. ಓದಿಕೊಂಡ, ಬುದ್ಧಿವಂತ, ಮೆದು ಮಾತಿನ ಗಂಡ ಗ್ರಂಥಾಲಯದ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಹೊರಗೆ ಬಂದಾಗ ಮಕ್ಕಳ ಎದುರಿಗೇ ಹೆಂಡತಿಯನ್ನು ಗೇಲಿ ಮಾಡುತ್ತಾನೆ. ಇದು ತಪ್ಪು ಎಂದು ಅಪ್ಪನನ್ನು ಅಷ್ಟು ಪ್ರೀತಿಸುವ ಎಲಿಜಬೆತ್ತಿಗೂ ಅನ್ನಿಸುತ್ತದೆ; ನಲವತ್ತೆರಡನೇ ಅಧ್ಯಾಯದಲ್ಲಿ ಅವಳು ಅದನ್ನು ಮನಸ್ಸಿನಲ್ಲೇ ಒಪ್ಪಿಕೊಳ್ಳುತ್ತಾಳೆ. ಇಡೀ ಕಾದಂಬರಿಯಲ್ಲಿ ಯಾವ ಗಂಡನೂ ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ. ಹಾಗೆಂದು ಹಿಂಸೆ ಇಲ್ಲವೆ? ನಮ್ಮ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಹೊಡೆತ ಬಡಿತವನ್ನು ಮಾತ್ರ ಹಿಂಸೆ ಎನ್ನುವುದಿಲ್ಲ. ಬೈಗುಳ, ಅವಮಾನ, ಗಂಡುಮಗು ಹೆರಲಿಲ್ಲವೆಂಬ ಹೀಯಾಳಿಕೆ, ಖರ್ಚಿಗೆ ಕೊಡದೆ ಸತಾಯಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. 'ನಮ್ಮೆಜಮಾನ್ರು ಹೊಡೆಯಾಕಿಲ್ಲ, ಮಾತಲ್ಲೇ ಕೊಲ್ತಾರೆ' ಎಂದು ನಮ್ಮಲ್ಲಿ ಎಷ್ಟು ಜನ ಹೇಳಿಲ್ಲ!

ಗಂಡುಮಗನಿಗಾಗಿ ಕಾಯುವ ಈ ಕಥೆ ನಮಗೆ ದೂರದ್ದೇನಲ್ಲ. ಬೆನೆಟ್ ದಂಪತಿ ಕಾದರು, ಅಷ್ಟೆ. ನಮ್ಮಲ್ಲಿ ಕಾಯುವುದನ್ನೂ ಬಿಟ್ಟಿದ್ದಾರೆ. 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣ ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದದ್ದು ನೆನಪಿದೆಯಲ್ಲ. ಭ್ರೂಣಲಿಂಗ ಪತ್ತೆ ಅಪರಾಧ ಎಂದು ಕಾನೂನು ಆದದ್ದು 1994ರಲ್ಲಿ. ನಾವು ಬೆಲ್ಲ ಕಾಯಿಸುವ ಜಾಗದಲ್ಲಿ, ಕಬ್ಬಿನ ಗದ್ದೆಯ ನಡುವೆ, ಹೆಣ್ಣು ಬೇಡವೆಂಬ ತೀರ್ಪು ನಡೆಯುತ್ತಿತ್ತು. ಯಾಕೆ ಬೇಡ? ಜಮೀನು ಗಂಡಿಗೆ, ಹೆಣ್ಣಿಗೆ ವರದಕ್ಷಿಣೆಯ ಖರ್ಚು, ಈ ಲೆಕ್ಕ ಇರುವತನಕ ಹೆಣ್ಣುಮಗು ನಷ್ಟದ ಬಾಬ್ತೇ.

ಇನ್ನು ಮದ್ದೂರಿನ ಜಗಳಕ್ಕೆ ಬರೋಣ.

ದಾಯಾದಿ ಕಾಲಿನ್ಸ್ ಪಾದ್ರಿ. ದೊಡ್ಡ ಜಮೀನ್ದಾರಿಣಿಯೊಬ್ಬಳ ಮುಂದೆ ನಡು ಬಗ್ಗಿಸಿ ನಿಲ್ಲುವವನು, ಉಳಿದವರ ಮುಂದೆ ಉಪದೇಶ ಮಾಡುವವನು. ಹೆಣ್ಣು ನೋಡಲು ಲಾಂಗ್‌ಬೋರ್ನಿಗೆ ಬರುತ್ತಾನೆ. ಹಿರಿಯವಳು ಜೇನ್ ಇರಲಿ ಎಂದುಕೊಳ್ಳುತ್ತಾನೆ. ಅವಳಿಗೆ ಬೇರೆ ಕಡೆ ಆಗುವ ಹಾಗಿದೆ ಎಂದು ತಾಯಿ ಸೂಚಿಸುತ್ತಾಳೆ. ಅವಳು ಒಲೆಯ ಕೆಂಡ ಕೆದಕಿ ಮುಗಿಸುವುದರೊಳಗೆ ಇವನ ಮನಸ್ಸು ಎಲಿಜಬೆತ್ ಕಡೆಗೆ ತಿರುಗಿರುತ್ತದೆ. ಎಲಿಜಬೆತ್ ಬೇಡ ಎನ್ನುತ್ತಾಳೆ. ಮತ್ತೆ ಮತ್ತೆ ಬೇಡ ಎನ್ನುತ್ತಾಳೆ. ಅವನಿಗೆ ಕೇಳಿಸುವುದೇ ಇಲ್ಲ. ಒಳ್ಳೆ ಮನೆತನದ ಹುಡುಗಿಯರು ಒಪ್ಪುವ ಮುಂಚೆ ಹೀಗೇ ಬೇಡ ಎನ್ನುತ್ತಾರೆ ಎಂದು ಅವನ ತಿಳಿವಳಿಕೆ. ಜೊತೆಗೆ, ನಿನಗಿರುವುದು ಸಾವಿರ ಪೌಂಡ್, ಇನ್ನೊಬ್ಬ ಬರುತ್ತಾನೆಂಬ ಖಾತ್ರಿಯೇನು ಎಂದು ಲೆಕ್ಕವನ್ನೂ ಒಪ್ಪಿಸುತ್ತಾನೆ. ಹೆಣ್ಣಿನ 'ಬೇಡ' ಎಂಬ ಮಾತಿಗೆ ಅರ್ಥವೇ ಇಲ್ಲ ಎಂಬ ಗಂಡಸಿನ ನಂಬಿಕೆಯನ್ನು ಇಷ್ಟು ನಗೆಯಾಗಿ, ಇಷ್ಟು ನಿಷ್ಠುರವಾಗಿ ಬರೆದವರು ಕಡಿಮೆ.

ಅವನು ಸೋತು ಮೂರು ದಿನದೊಳಗೆ ಇನ್ನೊಬ್ಬಳನ್ನು ಕೇಳುತ್ತಾನೆ. ಅವಳು ಎಲಿಜಬೆತ್ತಿನ ಆಪ್ತ ಗೆಳತಿ ಶಾರ್ಲೆಟ್ ಲೂಕಸ್. ವಯಸ್ಸು 27, ಚೆಲುವೆಯಲ್ಲ, ಕೈಯಲ್ಲಿ ಹೆಚ್ಚು ಹಣವಿಲ್ಲ, ಬುದ್ಧಿ ಮಾತ್ರ ಚೆನ್ನಾಗಿದೆ. ಅವನು ಮೂರ್ಖ ಎಂದು ಅವಳಿಗೆ ಗೊತ್ತು. ಗೊತ್ತಿದ್ದೇ ಒಪ್ಪುತ್ತಾಳೆ. ಸುದ್ದಿ ಕೇಳಿದ ಮನೆಯವರು ಏನು ಮಾಡಿದರು? ತಾಯಿ, ಬೆನೆಟ್ ಇನ್ನೆಷ್ಟು ವರ್ಷ ಬದುಕಿಯಾನು ಎಂದು ಲೆಕ್ಕ ಹಾಕತೊಡಗಿದಳು. ತಂಗಿಯರು ತಮ್ಮ ಸರದಿ ಒಂದೆರಡು ವರ್ಷ ಬೇಗ ಬಂತೆಂದು ಖುಷಿಪಟ್ಟರು. ತಮ್ಮಂದಿರು ಅಕ್ಕ ಮದುವೆಯಿಲ್ಲದೆ ಮನೆಯಲ್ಲೇ ಉಳಿದುಬಿಡುತ್ತಾಳೆಂಬ ಭಯ ತಪ್ಪಿತೆಂದು ನಿಟ್ಟುಸಿರು ಬಿಟ್ಟರು. ಒಂದು ಪ್ಯಾರಾದಲ್ಲಿ ಇಡೀ ಸಂಸಾರದ ಎದೆ ಬಗೆದು ತೋರಿಸಿದ್ದಾಳೆ ಆಸ್ಟೆನ್. ಶಾರ್ಲೆಟ್ ಆ ಮನೆಯಲ್ಲಿ 27 ವರ್ಷ ಒಂದು ಭಾರವಾಗಿ ಕೂತಿದ್ದಳು ಎಂದು ನಮಗೆ ಆಗ ಗೊತ್ತಾಗುತ್ತದೆ.

ಶಾರ್ಲೆಟ್ ಮಾಡಿದ್ದು ಸರಿಯೋ ತಪ್ಪೋ ಎಂದು ಮದ್ದೂರಿನಲ್ಲಿ ಎರಡು ಪಕ್ಷವಾಯಿತು. ಹುಡುಗಿಯರು ತಪ್ಪು ಎಂದರು. ಹಿರಿಯಳೊಬ್ಬಳು ಹೇಳಿದ ಮಾತು: "ಅವ್ಳು ಮದ್ವೆ ಆಗಿದ್ದು ಅವನ್ನಲ್ಲ ಕಣವ್ವ, ಒಂದು ಸೂರನ್ನ." ಅದಕ್ಕೆ ಒಬ್ಬ ಹುಡುಗಿ, "ಹಂಗಾದ್ರೆ ಜೀವಮಾನ ಎಲ್ಲಾ ಕಿವುಡಿ ಹಂಗೆ ಇರ್ಬೇಕಾ?" ಎಂದಳು. ಅವಳು ಕಥೆಯ ಮುಂದಿನ ಭಾಗವನ್ನು ಕೇಳಿರಲಿಲ್ಲ, ಆದರೆ ಸರಿಯಾಗಿ ಊಹಿಸಿದ್ದಳು. ಎಲಿಜಬೆತ್ ಗೆಳತಿಯ ಮನೆಗೆ ಹೋದಾಗ ನೋಡುವುದು ಅದನ್ನೇ. ಗಂಡ ನಾಚಿಕೆಗೇಡಿನ ಮಾತಾಡಿದಾಗ ಶಾರ್ಲೆಟ್ ಒಮ್ಮೊಮ್ಮೆ ಸ್ವಲ್ಪ ಕೆಂಪಾಗುತ್ತಾಳೆ, ಹೆಚ್ಚಿನ ಸಲ ಕೇಳಿಸಲೇ ಇಲ್ಲವೆಂಬಂತೆ ಇರುತ್ತಾಳೆ. ಗಂಡನಿಗೆ ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿ ಹೊರಗೆ ಕಳಿಸುತ್ತಾಳೆ. ಒಳ್ಳೆಯ ಕೋಣೆಯನ್ನು ಬಿಟ್ಟು ಹಿಂದಿನ ಕೋಣೆಯಲ್ಲಿ ತಾನು ಕೂರುತ್ತಾಳೆ. ಯಾಕೆಂದು ಎಲಿಜಬೆತ್ತಿಗೆ ಮೊದಲು ಅರ್ಥವಾಗುವುದಿಲ್ಲ. ಒಳ್ಳೆಯ ಕೋಣೆಯಲ್ಲಿ ಕೂತರೆ ಗಂಡ ಪದೇ ಪದೇ ಬಂದು ಕೂರುತ್ತಾನೆ, ಅದಕ್ಕೆ!

ಒಂದು ಕೋಣೆಯ ಆಯ್ಕೆಯಲ್ಲಿ ಒಂದು ದಾಂಪತ್ಯದ ಕಥೆ. ಇದನ್ನು ಓದಿದಾಗ ನನಗೆ ನೆನಪಾಗುವುದು ಗಂಡ ಮನೆಗೆ ಬರುವ ಹೊತ್ತಿಗೆ ಕೊಟ್ಟಿಗೆಯಲ್ಲೋ ಹಿತ್ತಲಲ್ಲೋ ಕೆಲಸ ಹುಡುಕಿಕೊಳ್ಳುವ ನಮ್ಮ ಹೆಂಗಸರು. ಅವರನ್ನು ಹೇಡಿಗಳೆಂದು ಕರೆಯುವ ಅಧಿಕಾರ ನಮಗಿಲ್ಲ. ಶಾರ್ಲೆಟ್‌ಳನ್ನು ಬೈಯುವ ಮುಂಚೆ ಅವಳ ಮುಂದೆ ಬೇರೆ ದಾರಿ ಏನಿತ್ತು ಎಂದು ಕೇಳಬೇಕು. ಜಮೀನಿಲ್ಲ, ಮರ್ಯಾದಸ್ಥ ಮನೆಯ ಹೆಣ್ಣಿಗೆ ಇನ್ನೊಬ್ಬರ ಮಕ್ಕಳಿಗೆ ಪಾಠ ಹೇಳುವುದನ್ನು ಬಿಟ್ಟು ಹೆಚ್ಚು ಕೆಲಸವಿಲ್ಲ, ಇಲ್ಲವಾದರೆ ತಮ್ಮಂದಿರ ಹಂಗು. ಎಲಿಜಬೆತ್ ಧೈರ್ಯವಂತೆ, ನಿಜ. ಆದರೆ ಅವಳಿಗೆ ಇನ್ನೂ 21 ತುಂಬಿಲ್ಲ, ಚೆಲುವೆ, ಹಿಂದೆ ನಿಲ್ಲಲು ಅಪ್ಪನಿದ್ದ. ಅವಳ 'ಬೇಡ' ಕೂಡ ಅಪ್ಪ ಬದುಕಿರುವತನಕ ಮಾತ್ರ ಕ್ಷೇಮ. ಧೈರ್ಯವನ್ನು ಹೊಗಳುವುದು ಸುಲಭ. ಧೈರ್ಯಕ್ಕೆ ಬೇಕಾದ ನೆಲವನ್ನು ಯಾರು ಕೊಡುತ್ತಾರೆ?

ಮೂರನೆಯದು ಮಳವಳ್ಳಿಯ ಚರ್ಚೆ. ಅಲ್ಲಿ ಎಲ್ಲರ ಕಣ್ಣು ವಿಕಮ್ ಮೇಲೆ.

ವಿಕಮ್ ಸುಂದರ, ಸೈನ್ಯದ ಅಧಿಕಾರಿ, ಮಾತು ಸಕ್ಕರೆ. ಹೋದಲ್ಲೆಲ್ಲ ಸಾಲ. ಮೊದಲು ಮೂವತ್ತು ಸಾವಿರ ಪೌಂಡಿನ ಒಡತಿಯಾದ ಡಾರ್ಸಿಯ ತಂಗಿಯನ್ನು ಓಡಿಸಿಕೊಂಡು ಹೋಗಲು ನೋಡಿದ. ಆಗ ಅವಳಿಗೆ ಹದಿನೈದು. ಆಮೇಲೆ ಹತ್ತು ಸಾವಿರ ಬಂದ ಇನ್ನೊಬ್ಬ ಹುಡುಗಿಯ ಹಿಂದೆ ಬಿದ್ದ. ಕೊನೆಗೆ ಲಿಡಿಯಾಳನ್ನು ಕರೆದುಕೊಂಡು ಲಂಡನ್ನಿನಲ್ಲಿ ಅಡಗಿ ಕೂತ. ಅವಳಿಗೂ ಆಗ ಹದಿನಾರು. ಮದುವೆಯಾಗುವ ಉದ್ದೇಶ ಅವನಿಗಿರಲಿಲ್ಲ. ಸಾಲಗಾರರಿಂದ ತಪ್ಪಿಸಿಕೊಂಡು ಓಡುವಾಗ ಜೊತೆಗೊಬ್ಬಳು ಸಿಕ್ಕಳು, ಅಷ್ಟೆ.

ಈಗ ವ್ಯಾಪಾರ ಶುರುವಾಗುತ್ತದೆ. ಮದುವೆಯಾಗದಿದ್ದರೆ ಲಿಡಿಯಾ ಮಾತ್ರವಲ್ಲ, ಅಕ್ಕಂದಿರೂ ಹಾಳು. ಈ ಹೆದರಿಕೆಯೇ ವಿಕಮ್‌ನ ಬಂಡವಾಳ. ಕಾಗದದಲ್ಲಿ ಬಂದ ಬೇಡಿಕೆ ಸಣ್ಣದು: ಲಿಡಿಯಾಳ ಪಾಲಿನ ಸಾವಿರ ಪೌಂಡ್ ಅವಳಿಗೆ ಬರಬೇಕು, ಅಪ್ಪ ಇರುವತನಕ ವರ್ಷಕ್ಕೆ ನೂರು ಕೊಡಬೇಕು. ಅಪ್ಪನಿಗೇ ಅನುಮಾನ. ಹತ್ತು ಸಾವಿರಕ್ಕೆ ಕಡಿಮೆಯಾದರೆ ಇವನು ಒಪ್ಪುವವನಲ್ಲ, ಯಾರೋ ಹಿಂದಿನಿಂದ ಕೊಟ್ಟಿದ್ದಾರೆ ಎಂದುಕೊಳ್ಳುತ್ತಾನೆ. ಕೊಟ್ಟವನು ಡಾರ್ಸಿ: ಸಾವಿರ ಪೌಂಡಿಗೂ ಮೀರಿದ ಸಾಲ ತೀರಿಸಿದ, ಲಿಡಿಯಾಳ ಹೆಸರಿಗೆ ಇನ್ನೊಂದು ಸಾವಿರ ಇಟ್ಟ, ಸೈನ್ಯದಲ್ಲಿ ಹುದ್ದೆ ಕೊಂಡುಕೊಟ್ಟ. "ಇದೇ ನಮ್ಮ ಕಡೆ ಬೈಕು, ಸೈಟು, ಸರ್ಕಾರಿ ಕೆಲ್ಸಕ್ಕೆ ಕಟ್ಟೋ ದುಡ್ಡು" ಎಂದಳು ಮಳವಳ್ಳಿಯ ಒಬ್ಬ ತಾಯಿ. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ವಿಮರ್ಶೆಯಲ್ಲೂ ಓದಿಲ್ಲ.

ಕೊಟ್ಟ ಮೇಲೆ ಮುಗಿಯಿತೆ? ಕಡೆಯ ಅಧ್ಯಾಯ ನೋಡಿ. ವಿಕಮ್‌ನ ಪ್ರೀತಿ ಬೇಗ ಆರಿಹೋಗುತ್ತದೆ. ಅಗ್ಗದ ಮನೆ ಹುಡುಕಿಕೊಂಡು ಊರಿಂದೂರಿಗೆ ಅಲೆದಾಟ. ಲಿಡಿಯಾ ಅಕ್ಕನಿಗೆ ಕಾಗದ ಬರೆದು ವರ್ಷಕ್ಕೆ ಮುನ್ನೂರು ನಾನೂರು ಸಿಗುವ ಹಾಗೆ ಮಾಡಿಸು ಎನ್ನುತ್ತಾಳೆ. ಎಲಿಜಬೆತ್ ಅದನ್ನು ಒಪ್ಪುವುದಿಲ್ಲ, ಆದರೆ ತನ್ನ ಕೈಖರ್ಚಿನಲ್ಲಿ ಉಳಿಸಿ ಆಗಾಗ ಕಳಿಸುತ್ತಲೇ ಇರುತ್ತಾಳೆ. ಮೊದಲ ಗಂಟು ಬಾಯಿ ಮುಚ್ಚಿಸುವುದಿಲ್ಲ, ಬಾಯಿ ರುಚಿ ಹತ್ತಿಸುತ್ತದೆ. 'ಒಂದ್ಸಲ ಕೊಟ್ಟುಬಿಟ್ರೆ ಮಗಳು ಸುಖವಾಗಿರ್ತಾಳೆ' ಎನ್ನುವ ತಂದೆತಾಯಿಗೆ ಈ ಒಂದು ಅಧ್ಯಾಯ ಸಾಕು.

ಇನ್ನೊಂದು ಮಾತನ್ನೂ ಬಿಡುವಂತಿಲ್ಲ. ಲಿಡಿಯಾ ಓಡಿಹೋದಾಗ ಪಾದ್ರಿ ಕಾಲಿನ್ಸ್ ಸಂತಾಪದ ಕಾಗದ ಬರೆಯುತ್ತಾನೆ. ಇದಕ್ಕಿಂತ ಮಗಳು ಸತ್ತಿದ್ದರೆ ಮೇಲಿತ್ತು ಎಂಬುದು ಅದರ ಸಾರ. ಓದುಗರು ನಗುತ್ತಾರೆ. ನಮಗೆ ನಗಲಾಗುವುದಿಲ್ಲ. 2011ರಲ್ಲಿ ಇದೇ ಮದ್ದೂರು ತಾಲ್ಲೂಕಿನಲ್ಲಿ ದಲಿತ ಹುಡುಗನನ್ನು ಪ್ರೀತಿಸಿದ ಹೆಣ್ಣುಮಗಳನ್ನು ಮರ್ಯಾದೆಯ ಹೆಸರಿನಲ್ಲಿ ಕೊಂದರು. ಕಾಲಿನ್ಸ್ ಕಾಗದದಲ್ಲಿ ಬರೆದದ್ದನ್ನು ಇಲ್ಲಿ ಕೈಯಲ್ಲಿ ಮಾಡಿದರು.

ಹಾಗಾದರೆ ಈ ಕಾದಂಬರಿ ನಮಗೆಲ್ಲ ಉತ್ತರ ಕೊಡುತ್ತದೆಯೆ? ಇಲ್ಲ. ಎಲಿಜಬೆತ್ತಿಗೆ ಕೊನೆಗೆ ಡಾರ್ಸಿ ಸಿಗುತ್ತಾನೆ. ವರ್ಷಕ್ಕೆ ಹತ್ತು ಸಾವಿರದ ಆಸಾಮಿ. ಮೊದಲು ಗರ್ವದಿಂದ ಕೇಳಿದ, ಅವಳು ಬೇಡ ಎಂದಳು. ಅವನು ತನ್ನನ್ನು ತಿದ್ದಿಕೊಂಡು ಮತ್ತೆ ಬಂದ. ಬೇಡ ಎಂದ ಹೆಣ್ಣಿನ ಮಾತನ್ನು ಕಾಲಿನ್ಸ್ ಕೇಳಿಸಿಕೊಳ್ಳಲಿಲ್ಲ, ಡಾರ್ಸಿ ಕೇಳಿಸಿಕೊಂಡ; ಅವರಿಬ್ಬರ ವ್ಯತ್ಯಾಸ ಅಲ್ಲಿದೆ. ಆದರೆ "ನಮ್ಮೂರಿಗೆ ಡಾರ್ಸಿ ಬಸ್ಸು ಬರಾಕಿಲ್ಲ ಮೇಡಂ" ಎಂದು ನಿಮ್ಮಲ್ಲೇ ಒಬ್ಬರು ಹೇಳಿದಿರಿ. ನಿಜ. ಇನ್ನೊಂದು ಕೊರತೆಯೂ ಇದೆ. ಆ ಎರಡು ಸಾವಿರ ಪೌಂಡನ್ನು ಬೆಳೆದುಕೊಟ್ಟ ಹೊಲದ ಆಳುಗಳು ಕಾದಂಬರಿಯಲ್ಲಿ ಕಾಣಿಸುವುದಿಲ್ಲ. ಕಬ್ಬು ಕಡಿಯುವ, ನಾಟಿ ಹಾಕುವ ನಮ್ಮಂಥವರಿಗೆ ಆ ಮನೆಯ ಅಂಗಳದಲ್ಲಿ ಜಾಗವಿಲ್ಲ.

ಲೇಖಕಿಗೂ ಡಾರ್ಸಿ ಸಿಗಲಿಲ್ಲ. 1802ರ ಡಿಸೆಂಬರಿನಲ್ಲಿ ಆಸ್ತಿವಂತನೊಬ್ಬ ಅವಳನ್ನು ಕೇಳಿದ. ಸಂಜೆ ಹೂಂ ಎಂದಳು, ಬೆಳಗಾಗುವಷ್ಟರಲ್ಲಿ ಮನಸ್ಸು ಬದಲಿಸಿ ಬೇಡ ಎಂದಳು. 1805ರಲ್ಲಿ ತಂದೆ ಸತ್ತರು. ತಾಯಿ, ಅಕ್ಕ, ಇವಳು, ಮೂವರೂ ಅಣ್ಣತಮ್ಮಂದಿರು ಕೊಟ್ಟದ್ದರಲ್ಲಿ ಬದುಕಿದರು. 1809ರಲ್ಲಿ ಒಬ್ಬ ಅಣ್ಣ ತನ್ನ ಜಮೀನಿನಲ್ಲಿದ್ದ ಒಂದು ಮನೆ ಬಿಟ್ಟುಕೊಟ್ಟ ಮೇಲೆ ನೆಲೆ ಸಿಕ್ಕಿತು. ಆಮೇಲೆಯೇ ಪುಸ್ತಕಗಳು ಹೊರಬಂದವು. ಈ ಕಾದಂಬರಿಯ ಮೊದಲ ರೂಪವನ್ನು ಅವಳು ಬರೆದದ್ದು 1796-97ರಲ್ಲಿ. ಅಪ್ಪ ಪ್ರಕಾಶಕನಿಗೆ ಬರೆದು ಕೇಳಿದರು, ಅವನು ನೋಡದೆಯೇ ಬೇಡವೆಂದ. ಹದಿನೈದು ವರ್ಷದ ನಂತರ ಅದು 110 ಪೌಂಡಿಗೆ ಮಾರಾಟವಾಯಿತು. ಶಾರ್ಲೆಟ್ ಹೂಂ ಎಂದ ಜಾಗದಲ್ಲಿ ಬೇಡ ಎಂದವಳು ಅದರ ಬೆಲೆ ತೆತ್ತು, ತನ್ನ ಕೈಯ ದುಡಿಮೆಯಿಂದ ಕಾಸು ಕಂಡಳು.

ಆ ದೇಶದಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಆಸ್ತಿ, ತನ್ನ ಗಳಿಕೆ ತನ್ನದೆನ್ನುವ ಕಾನೂನು ಬರಲು 1870 ಮತ್ತು 1882ರ ತನಕ ಕಾಯಬೇಕಾಯಿತು. ನಮ್ಮಲ್ಲಿ? ಹಳೆಯ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯಿದೆ ಆಗಿತ್ತು. 1994ರಲ್ಲಿ ಕರ್ನಾಟಕ, ಆಗ ಇನ್ನೂ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ, ಮದುವೆಯಾಗಿರಲಿ ಬಿಡಲಿ, ಗಂಡುಮಕ್ಕಳ ಸಮಕ್ಕೆ ಪಾಲು ಬಂತು. ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಹೇಳಿತು. ಅಂದರೆ ಬೆನೆಟ್ ಮನೆಯ ಕಟ್ಟು ನಮ್ಮ ಕಾನೂನಿನಲ್ಲಿ ಮುರಿದಿದೆ. ಪಹಣಿಯಲ್ಲಿ ಮುರಿದಿದೆಯೆ? ಅಣ್ಣ ತಮ್ಮಂದಿರು ತವರಿನ ಬಾಗಿಲು ಮುಚ್ಚಿಯಾರೆಂದು ಹೆದರಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿದವರು ಈ ಸಭೆಯಲ್ಲೇ ಇದ್ದೀರಿ. ಒಂದು ಸೀರೆ, ಅರಿಶಿನ ಕುಂಕುಮ ತೆಗೆದುಕೊಂಡು ಗದ್ದೆ ಬಿಟ್ಟುಕೊಟ್ಟವರು ಇದ್ದೀರಿ. ಲಾಂಗ್‌ಬೋರ್ನಿನ ಹೆಣ್ಣುಮಕ್ಕಳಿಂದ ಕಾನೂನು ಕಿತ್ತುಕೊಂಡಿತು. ನಮ್ಮಿಂದ ಪ್ರೀತಿಯ ಹೆಸರಿನಲ್ಲಿ ಬರೆಸಿಕೊಳ್ಳುತ್ತಾರೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಮಗಳ ಮದುವೆಗೆಂದು ಸಂಘದಲ್ಲಿ ಸಾಲ ಕೇಳುವ ತಾಯಂದಿರು, ಆ ಹಣ ಯಾರ ಕೈಗೆ ಹೋಗುತ್ತದೆ ಎಂದು ಗುಂಪಿನ ಮುಂದೆ ಹೇಳುವ ಪದ್ಧತಿ ಮಾಡಿಕೊಳ್ಳಿ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಕೊಟ್ಟವರು ದೂರು ಕೊಡಲು ಹೆದರಬೇಕಾಗಿಲ್ಲ. ನೊಂದವರು ಹೇಳಿದ ಮಾತನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯಿದೆ ಹೇಳುತ್ತದೆ. ಖುಲಾಸೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಗುಂಪಿನಲ್ಲಿ ಓದಿಸಿ ಕೇಳಿ. ಏಟು ತಿಂದು ಮನೆ ಬಿಟ್ಟು ಬಂದವಳಿಗೆ 'ಹೊಂದಿಕೊಂಡು ಹೋಗವ್ವ' ಎನ್ನುವ ಮುಂಚೆ, ಗಂಡನ ಮನೆಯಲ್ಲಿ ವಾಸಿಸುವ ಹಕ್ಕು 2005ರ ಕಾಯಿದೆಯಲ್ಲಿ ಅವಳಿಗಿದೆ ಎಂದು ಹೇಳಿ. ಅವಳಿಗೆ ಬೇಕಾದ ಸೂರು ಅದು. ಅದಕ್ಕಾಗಿ ಕಿವುಡಿಯಾಗಿ ಬದುಕಬೇಕಾಗಿಲ್ಲ.

ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂದಾಗ ವಾರವಾರ ಸೇರಿಸುವ ಪುಡಿಗಾಸಿನಿಂದ ಏನಾದೀತು ಎಂದು ನಕ್ಕವರಿದ್ದರು. ಬೆನೆಟ್ ಮನೆಯಲ್ಲಿ ಎರಡು ಸಾವಿರ ಪೌಂಡ್ ಇತ್ತು, ಉಳಿತಾಯ ಇರಲಿಲ್ಲ, ಹೆಣ್ಣುಮಕ್ಕಳ ಹೆಸರಿನಲ್ಲಿ ಒಂದು ಗುಂಟೆ ಇರಲಿಲ್ಲ. ನಿಮ್ಮ ಪಾಸ್‌ಬುಕ್ಕಿನಲ್ಲಿ ಇರುವುದು ಹಣ ಮಾತ್ರವಲ್ಲ. ನಾಳೆ ಮಗಳೊಬ್ಬಳು 'ಈ ಗಂಡು ನಂಗೆ ಬೇಡ' ಎಂದಾಗ, ಆ ಮಾತು ನಿಲ್ಲಲು ಬೇಕಾದ ನೆಲ ಅದು. ಶಾರ್ಲೆಟ್‌ಗೆ ಅಂಥ ಒಂದು ಸಂಘ ಇರಲಿಲ್ಲ. ನಮಗೆ ಇದೆ.